ಉಳವಿಯ ಏರುದಾರಿಯಲ್ಲಿ ಚನ್ನಬಸವಣ್ಣನವರು

ಭಾರತ ಹುಣ್ಣಿಮೆಯು ಸಮೀಪಿಸಿತೆಂದರೆ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಚಕ್ಕಡಿಗಳು ಸಜ್ಜಾಗುತ್ತವೆ. ಎತ್ತುಗಳ ಕಾಲಿಗೆ ಹೊಸ ಲಾಳ ಬೀಳುತ್ತದೆ. ಮನೆಮನೆಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿಗಳ ಬುತ್ತಿ ಕಟ್ಟುತ್ತಾರೆ. ಬಂಡಿಯಿಲ್ಲದವರು ಕಾಲ್ನಡಿಗೆಯಿಂದಲೇ ಹೊರಡುವರು. ಧಾರವಾಡದಿಂದ ಹಳಿಯಾಳ, ದಾಂಡೇಲಿ, ಜೋಯಿಡಾಗಳ ಮೇಲೆ ಉಳವಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ.

ಹಳಿಯಾಳದವರೆಗೆ ಯಾತ್ರಿಕನಿಗೆ ಅಷ್ಟೇನೂ ಆಯಾಸವೆನಿಸದು. ಎರೆಭೂಮಿಯ ಸಮತಲದಲ್ಲಿ ಬೆಳೆದ ಕಾಲುಗಳಿಗೆ ನಿಜವಾದ ಪರೀಕ್ಷೆಯು ದಾಂಡೇಲಿಯನ್ನು ದಾಟಿದ ಮೇಲೆ ಪ್ರಾರಂಭವಾಗುತ್ತದೆ. ಒಂದು ಗುಡ್ಡವನ್ನೇರಿ ಉಸ್ಸೆಂದು ನಿಲ್ಲುವಷ್ಟರಲ್ಲಿ ಮುಂದೆ ಇಳಿಜಾರು; ಇಳಿದು ಮುಗಿಯಿತೆನ್ನುವಾಗ ಮತ್ತೊಂದು ಏರು. ಏರಿನಲ್ಲಿ ತೊಡೆಗಳು ಸೋಲುವವು, ಇಳಿತದಲ್ಲಿ ಮೊಳಕಾಲು ನಡುಗುವವು. ಮಾಘದ ರಾತ್ರಿಯಲ್ಲಿ ಕಂಬಳಿಯನ್ನು ಬಿಟ್ಟೇಳಲಾಗದಷ್ಟು ಚಳಿಯಿದ್ದರೂ ಹೊತ್ತು ನೆತ್ತಿಗೇರುವುದರೊಳಗಾಗಿ ಬಿಸಿಲು ಬೆಂಕಿಯಾಗುತ್ತದೆ. ಸಾಗವಾನಿಯ ಮರವಂತೂ ನೆರಳು ಬೇಕಾದ ಹೊತ್ತಿಗೇ ಎಲೆಯುದುರಿಸಿ ಬರಿದಾಗಿ ನಿಂತಿರುತ್ತದೆ. ಕೆಂಧೂಳಿಯು ಗಂಟಲನ್ನು ಕಟ್ಟುತ್ತದೆ. ಆಗ ಹಿಂದಿನ ಬಂಡಿಯಿಂದ ಯಾರೋ ಚನ್ನಬಸವೇಶ್ವರನ ಹೆಸರು ಹಿಡಿದು ಜಯಕಾರ ಮಾಡುವರು. ಕುಳಿತವರು ಪುನಃ ಎದ್ದು ನಡೆಯುವರು.

ಆ ಹೆಸರಿನ ಮಹಾನುಭಾವನು ಇದೇ ಕಾಡಿನೊಳಕ್ಕೆ ಯಾವ ಸ್ಥಿತಿಯಲ್ಲಿ ಬಂದನೆಂಬುದನ್ನು ಆ ಏರಿನ ಮೇಲೆ ನಿಂತಾದರೂ ನಾವು ನೆನೆಯಬೇಕಲ್ಲವೇ?

ನಮ್ಮ ಮನದಲ್ಲಿ ನೆಲೆಗೊಂಡಿರುವ ಚನ್ನಬಸವಣ್ಣನವರು ಕುಳಿತು ಬೋಧಿಸುವವರು. 1584ರಲ್ಲಿ ವಿರೂಪಾಕ್ಷ ಪಂಡಿತನು ರಚಿಸಿದ ಚನ್ನಬಸವ ಪುರಾಣದಲ್ಲಿಯೂ ಅವರು ಸಿದ್ಧರಾಮರಿಗೆ ಉಪದೇಶಿಸುವ ಗುರುವಾಗಿಯೇ ಕಾಣಿಸಿಕೊಳ್ಳುತ್ತಾರೆ. ಅದು ಸಹಜವೇ. ಬಸವಣ್ಣನವರ ಅಕ್ಕ ನಾಗಮ್ಮನವರ ಉದರದಲ್ಲಿ ಜನಿಸಿ, ಸೋದರಮಾವನ ಮಹಾಮನೆಯಲ್ಲಿ ಬೆಳೆದು, ಎಳೆಯ ಪ್ರಾಯದಲ್ಲಿಯೇ ಅವಿರಳಜ್ಞಾನಿಯೆಂಬ ಬಿರುದಿಗೆ ಪಾತ್ರರಾದವರು ಅವರು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಷಟ್‌ಸ್ಥಲಗಳನ್ನು ಒಂದು ಕ್ರಮಕ್ಕೆ ತಂದು, ಚದುರಿದ್ದ ಅನುಭಾವಕ್ಕೆ ಶಾಸ್ತ್ರದ ಬಲವನ್ನು ಕೊಟ್ಟವರು. ಅಲ್ಲಮಪ್ರಭುಗಳ ತರುವಾಯ ಶೂನ್ಯಸಿಂಹಾಸನವು ಅವರಿಗೆ ಸಂದಿತೆಂದು ಪರಂಪರೆಯು ಹೇಳುತ್ತದೆ. ಪರಂಪರೆಯ ಎಣಿಕೆಯನ್ನೇ ಹಿಡಿದರೆ, ಕಲ್ಯಾಣವನ್ನು ಬಿಡುವಾಗ ಅವರಿಗೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ.

ಕಲ್ಯಾಣದ ಕಥೆಯನ್ನು ವಾಚಕರು ಬಲ್ಲರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ವಿವಾಹವಾಯಿತು. ಅದಕ್ಕಾಗಿ ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆಯಾಯಿತು. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯು ಮುಗಿದು ಅವನ ಮಗ ಸೋವಿದೇವನು ಪಟ್ಟವೇರಿದನು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದ್ದರು. ಉಳಿದ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಪಡುವಣಕ್ಕೆ ಹೊರಟ ತಂಡದ ಹೊಣೆಯು ಈ ತರುಣನ ಹೆಗಲಿಗೆ ಬಂದಿತು.

ಆ ತಂಡದಲ್ಲಿ ತಾಯಿ ಅಕ್ಕನಾಗಮ್ಮನವರಿದ್ದರು, ಬಸವಣ್ಣನವರ ಪತ್ನಿ ಗಂಗಾಂಬಿಕೆಯವರಿದ್ದರು, ಮಡಿವಾಳ ಮಾಚಯ್ಯನವರು, ಡೋಹರ ಕಕ್ಕಯ್ಯನವರು, ಕಿನ್ನರಿ ಬೊಮ್ಮಯ್ಯನವರಿದ್ದರು. ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಬೆನ್ನಟ್ಟಿದ ಸೈನ್ಯಕ್ಕೂ ಶರಣರಿಗೂ ಕಾಳಗವಾಯಿತೆಂದು ಆ ಸೀಮೆಯ ಜನರು ಇಂದಿಗೂ ಸ್ಥಳವನ್ನು ತೋರಿಸುತ್ತಾರೆ. ಗಂಗಾಂಬಿಕೆಯವರು ಹುಬ್ಬಳ್ಳಿಯಲ್ಲಿ ಐಕ್ಯರಾದರು. ಇದು ನಮ್ಮ ದೊಡ್ಡ ಹುಬ್ಬಳ್ಳಿಯಲ್ಲ, ಕಿತ್ತೂರಿನ ಬಳಿಯ ಮುಗುಟಖಾನ ಹುಬ್ಬಳ್ಳಿ. ಹೆಸರಿನ ಸಾಮ್ಯದಿಂದ ಮೋಸಹೋಗುವವರು ಬಹಳ. ಅಲ್ಲಿ ಮಲಪ್ರಭೆಯ ಪಾತ್ರದಲ್ಲಿಯೇ ಅವರ ಐಕ್ಯಮಂಟಪವಿದೆ. ಕಕ್ಕಯ್ಯನವರು ಕಾಡಿನ ಅಂಚಿನ ಕಕ್ಕೇರಿಯಲ್ಲಿ ಉಳಿದರು. ಅಲ್ಲಿಂದ ಮುಂದಕ್ಕೆ ನಮ್ಮ ಯಾತ್ರಿಕರು ನಡೆಯುವ ಆ ಏರು-ಇಳಿತಗಳ ಕಾಡೇ.

ಪುರಾಣಗಳು ಈ ಪ್ರಯಾಣವನ್ನು ಕಾಳಗಗಳಿಂದಲೂ ಪವಾಡಗಳಿಂದಲೂ ತುಂಬಿವೆ. ಏರನ್ನೂ ಬಾಯಾರಿಕೆಯನ್ನೂ ಅವು ಅಷ್ಟಾಗಿ ಹೇಳುವುದಿಲ್ಲ. ನಡೆದವನ ಕಾಲೇ ಅದನ್ನು ಹೇಳಬೇಕು. ನಮಗಾದರೋ ದಾರಿಯಲ್ಲಿ ಭಕ್ತರು ಮಜ್ಜಿಗೆ, ಪ್ರಸಾದಗಳನ್ನು ಹಿಡಿದು ನಿಂತಿರುತ್ತಾರೆ. ಇನ್ನೆಷ್ಟು ದೂರವೆಂದು ಕೇಳಿದರೆ ಹೇಳುವವರಿದ್ದಾರೆ. ದಣಿದವನನ್ನು ಚಕ್ಕಡಿಗೆ ಹತ್ತಿಸಿಕೊಳ್ಳುವರು. ಅವರಿಗೆ ಮುಂದಿನ ಗುಡ್ಡದಾಚೆ ನೀರಿದೆಯೋ ಇಲ್ಲವೋ ತಿಳಿಯದು. ನಿಂತರೆ ಹಿಂದಿನಿಂದ ಕುದುರೆಗಳ ಭಯ; ಬೇಗ ನಡೆಯೋಣವೆಂದರೆ ಜೊತೆಯಲ್ಲಿ ವೃದ್ಧರೂ ಗಾಯಾಳುಗಳೂ. ಅನುಭವ ಮಂಟಪದಲ್ಲಿ ಅಂಗ-ಲಿಂಗಗಳ ಸಾಮರಸ್ಯವನ್ನು ನಿರೂಪಿಸಿದ ತರುಣನು ಇಲ್ಲಿ ಯಾರನ್ನು ಎಲ್ಲಿ ಕೂರಿಸಬೇಕು, ಇದ್ದ ನೀರನ್ನು ಯಾರಿಗೆ ಮೊದಲು ಕೊಡಬೇಕೆಂಬುದನ್ನು ನಿರ್ಣಯಿಸಬೇಕಾಯಿತು. ದಾಸೋಹವೆಂಬ ಮಾತಿಗೆ ಇದಕ್ಕಿಂತ ಕಠಿಣವಾದ ಸಂದರ್ಭವು ಕಲ್ಯಾಣದ ವೈಭವದ ದಿನಗಳಲ್ಲಿ ಅವರಿಗೆ ಒದಗಿರಲಾರದೆಂದು ನನಗೆ ತೋರುತ್ತದೆ.

ಇನ್ನೊಂದು ಭಾರವೂ ಇತ್ತು. ಶರಣರು ವಚನಗಳ ಓಲೆಗಟ್ಟುಗಳನ್ನು ಹೊತ್ತೇ ಈ ಕಾಡಿಗೆ ಬಂದರೆಂಬುದು ನಮ್ಮ ಸಮಾಜದಲ್ಲಿ ತಲೆತಲಾಂತರದಿಂದ ನಡೆದುಬಂದ ನಂಬಿಕೆ. ಏರಿನಲ್ಲಿ ದಣಿದವನಿಗೆ ಮೊದಲು ಬೇಡವೆನಿಸುವುದು ಬೆನ್ನಮೇಲಿನ ಗಂಟೇ. ಪಾದಯಾತ್ರೆ ಮಾಡಿದ ಯಾರನ್ನಾದರೂ ಕೇಳಿನೋಡಿ. ಅದನ್ನು ಬಿಸಾಡದೆ ಬಂದರು. ಮುಂದೆ ಶತಮಾನಗಳ ಮೇಲೆ, 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿದ್ದ ವಚನದ ಕಟ್ಟುಗಳನ್ನು ಅರಸಿ ಊರೂರು ಅಲೆದರು. 1923ರಲ್ಲಿ ಅವರ ವಚನಶಾಸ್ತ್ರಸಾರವು ಅಚ್ಚಾಗಿ ಹೊರಬಂದಿತು. ಇಂದು ನಾವು ಪೂಜೆಯ ತರುವಾಯ ನಿಶ್ಚಿಂತೆಯಿಂದ ತೆರೆದು ಓದುವ ಪುಸ್ತಕದ ಹಿಂದೆ ಹೀಗೆ ನಡೆದ ಕಾಲುಗಳಿವೆ.

ಉಳವಿಯಲ್ಲಿ ದಟ್ಟಡವಿಯ ನಡುವೆ ಸುಣ್ಣಕಲ್ಲಿನ ಗವಿಗಳು ಅವರಿಗೆ ಆಶ್ರಯವಾದುವು. ಮಹಾಮನೆಯ ಗವಿ, ಅಕ್ಕನಾಗಮ್ಮನ ಗವಿ, ಆಕಳ ಗವಿಯೆಂದು ಭಕ್ತರು ಅವನ್ನು ಇಂದಿಗೂ ಕರೆಯುತ್ತಾರೆ. ಕಲ್ಯಾಣದ ಮಹಾಮನೆಯನ್ನು ಕಳೆದುಕೊಂಡವರು ಬಂಡೆಯ ಪೊಟರೆಗೆ ಅದೇ ಹೆಸರನ್ನಿಟ್ಟರು! ಅಲ್ಲಿನ ನೀರಿನ ಸೆಲೆಗೆ ಹರಳಯ್ಯನ ಚಿಲುಮೆಯೆಂದು ಹೆಸರು. ಯಾವ ಹರಳಯ್ಯನವರು ಕಲ್ಯಾಣದ ಬೀದಿಯಲ್ಲಿ ಪ್ರಾಣವನ್ನು ತೆತ್ತರೋ ಅವರ ಹೆಸರಿನ ನೀರನ್ನು, ಹಾದಿಯ ಧೂಳು ತೊಳೆಯುವ ಮೊದಲೇ, ಯಾತ್ರಿಕರು ಇಂದು ಬೊಗಸೆಯಲ್ಲಿ ಹಿಡಿದು ಕುಡಿಯುತ್ತಾರೆ. ಯಾವ ಕುಲದವರೆಂದು ಅಲ್ಲಿ ಯಾರೂ ಕೇಳರು.

ಚನ್ನಬಸವಣ್ಣನವರು ಉಳವಿಯಲ್ಲಿ ಬಹುಕಾಲ ಬಾಳಲಿಲ್ಲ. ಅಲ್ಲಿಯೇ ಲಿಂಗೈಕ್ಯರಾದರು. ಅವರ ಸಮಾಧಿಯ ಮುಂದೆಯೇ ಪ್ರತಿವರ್ಷವೂ ನಮ್ಮ ಹುಬ್ಬಳ್ಳಿ-ಧಾರವಾಡದ ಯಾತ್ರಿಕರು ಬಿಸಿಲಿಗೆ ಕಂದಿದ ಮುಖದಿಂದಲೂ ಬೊಕ್ಕೆಯೆದ್ದ ಪಾದಗಳಿಂದಲೂ ಬಂದು ನಿಲ್ಲುವುದು.

ತಾಯಿ ಅಕ್ಕನಾಗಮ್ಮನವರ ನಡಿಗೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ತಮ್ಮನನ್ನೂ ನಾದಿನಿಯನ್ನೂ ಮಗನನ್ನೂ ಕಳೆದುಕೊಂಡ ಆ ವೃದ್ಧಮಾತೆಯು ಉಳಿದ ಶರಣರೊಡನೆ ಮಲೆನಾಡಿನ ಗುಡ್ಡಗಳನ್ನು ಹಾಯ್ದು ತೆಂಕಣಕ್ಕೆ ನಡೆದರೆಂದೂ, ತರೀಕೆರೆಯ ಬಳಿಯ ಎಣ್ಣೆಹೊಳೆಯ ದಂಡೆಯಲ್ಲಿ ಐಕ್ಯರಾದರೆಂದೂ ಪರಂಪರೆಯು ಹೇಳುತ್ತದೆ.