ಪ್ರಶ್ನೆಗೆ ಉತ್ತರ ಕೊಡುವ ಹೊಣೆ: ಟಿ.ಎ. ಪೈಯವರ ಬದುಕು

ಸಹಕಾರಿ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬ್ಯಾಂಕಿನವರೊಬ್ಬರ ಜೀವನಚರಿತ್ರೆ ಎಂತಕ್ಕೆ ಅಂತ ಕೆಲವು ಸದಸ್ಯ ಬಾಂಧವರು ಕೇಳಬಹುದು. ದಿವಂಗತ ತೋನ್ಸೆ ಅನಂತ ಪೈಯವರು, ಅಂದ್ರೆ ಊರಿನವರೆಲ್ಲ ಟಿ.ಎ. ಪೈ ಎಂದೇ ಕರೆಯುವ ಮಹನೀಯರು, ಬರೀ ಬ್ಯಾಂಕಿನವರಲ್ಲ. ರೈತನಿಗೆ ಬ್ಯಾಂಕಿನ ಬಾಗಿಲು ತೆರೆದವರು, ದೇಶದ ಅಕ್ಕಿ ಗೋಧಿ ದಾಸ್ತಾನಿನ ಹೊಣೆ ಹೊತ್ತವರು, ದಿಲ್ಲಿಯಲ್ಲಿ ಮಂತ್ರಿಯಾಗಿ ಪಾರ್ಲಿಮೆಂಟಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು. ಆ ಉತ್ತರ ಕೊಡುವ ಕೆಲಸ ಎಷ್ಟು ದುಬಾರಿ ಆಗಬಹುದು ಎಂಬುದನ್ನೂ ಅವರು ಹತ್ತಿರದಿಂದ ಕಂಡರು.

ಪೈಯವರು ಹುಟ್ಟಿದ್ದು 1922ರ ಜನವರಿ 17ರಂದು. ತಂದೆ ಉಪೇಂದ್ರ ಪೈಯವರು, ಚಿಕ್ಕಪ್ಪ ಮಣಿಪಾಲದ ಶಿಲ್ಪಿ ಡಾ. ಟಿ.ಎಂ.ಎ. ಪೈಯವರು. ಈ ಅಣ್ಣತಮ್ಮಂದಿರು ವಾಮನ ಕುಡ್ವರ ಜೊತೆ ಸೇರಿ 1925ರಲ್ಲಿ ಉಡುಪಿಯಲ್ಲಿ ಕೇವಲ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು. ಕಷ್ಟಕ್ಕೆ ಬಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕು ಎಂಬುದೇ ಮೂಲ ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ ಕೊಟ್ರೂ ಸಾಕು, ಏಜೆಂಟರು ಮನೆ ಬಾಗಿಲಿಗೆ ಬಂದು ತಕೊಂಡು ಹೋಗ್ತಿದ್ರು. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಲೆಕ್ಕದ ಪುಸ್ತಕದಲ್ಲೇ ನಿಜವಾಯಿತು.

ಮುಂಬಯಿಯಲ್ಲಿ ವಾಣಿಜ್ಯ ಪದವಿ ಮುಗಿಸಿದ ಟಿ.ಎ. ಪೈಯವರು 1943ರಲ್ಲಿ ಇದೇ ಬ್ಯಾಂಕಿಗೆ ಸೇರಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದ ಆ ಸಂಸ್ಥೆಯ ಚುಕ್ಕಾಣಿ ಹಿಡಿದು ಅದನ್ನು ಹಳ್ಳಿ ಕಡೆ ತಿರುಗಿಸಿದವರು ಅವರೇ. ಬೇಸಾಯಕ್ಕೆ ಸಾಲ ಕೊಡುವುದೆಂದರೆ ಬ್ಯಾಂಕುಗಳು ಹಿಂಜರಿಯುತ್ತಿದ್ದ ಕಾಲ ಅದು. ಆಗ ಹಳ್ಳಿಯವರಿಗೆ ಆಸರೆ ಅಂತ ಇದ್ದದ್ದು ಮೊಳಹಳ್ಳಿ ಶಿವರಾಯರಂಥವರು ಕಟ್ಟಿ ಬೆಳೆಸಿದ ಸಹಕಾರಿ ಸಂಘಗಳು. 1960ರ ದಶಕದಲ್ಲಿ ಪೈಯವರ ಬ್ಯಾಂಕು ಕೃಷಿ ಪದವೀಧರರನ್ನು ನೇಮಿಸಿಕೊಂಡು ರೈತರ ಸಾಲಕ್ಕೆ ಮುಂದೆ ಬಂತು. 1969ರ ಜುಲೈ 19ರಂದು ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಸಿಂಡಿಕೇಟ್ ಬ್ಯಾಂಕೂ ಅದರಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಬ್ಯಾಂಕಿನಲ್ಲಿ ಇದ್ದಾಗಲೇ ದಿಲ್ಲಿಯಿಂದ ದೊಡ್ಡ ಕರೆ ಬಂತು. ಲಾಲ್ ಬಹಾದುರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ, 1965ರ ಜನವರಿಯಲ್ಲಿ ಭಾರತ ಆಹಾರ ನಿಗಮ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ನಮ್ಮ ಪೈಯವರು. ಆ ವರ್ಷವೇ ಮಳೆ ಕೈಕೊಟ್ಟಿತು. ಹಿಂದಿನ ಸಾಲಿನಲ್ಲಿ ಸುಮಾರು 8.9 ಕೋಟಿ ಟನ್ ಇದ್ದ ದೇಶದ ಆಹಾರಧಾನ್ಯದ ಬೆಳೆ 1965–66ರಲ್ಲಿ 7.2 ಕೋಟಿ ಟನ್ನಿಗೆ ಇಳಿಯಿತು. ಮುಂದಿನ ವರ್ಷ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರದೇಶದಿಂದ ಬರಬೇಕಾಯಿತು, ಹೆಚ್ಚಿನದ್ದು ಅಮೆರಿಕದ ಗೋಧಿ. ಅಲ್ಲಿನ ಅಧ್ಯಕ್ಷ ಜಾನ್ಸನ್ ಅದನ್ನು ಒಮ್ಮೆಲೇ ಕೊಡದೆ ತಡೆತಡೆದು ಬಿಡುತ್ತಿದ್ದರು. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತು ಅವರಿಗೆ ಹಿಡಿಸಿರಲಿಲ್ಲ. ಗದ್ದೆಯಲ್ಲಿ ಬೆಳೆ ಕಡಿಮೆಯಾದರೆ ಪರದೇಶದ ಎದುರು ದೇಶದ ದನಿಯೂ ಸಣ್ಣದಾಗುತ್ತದೆ ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. ರೈತನಿಗೆ ಬೆಂಬಲ ಬೆಲೆ ಕೊಟ್ಟು ಧಾನ್ಯ ಕೊಳ್ಳುವುದು, ಗೋದಾಮಿನಲ್ಲಿ ಇಡುವುದು, ಕೊರತೆಯಿದ್ದ ಕಡೆಗೆ ಕಳಿಸುವುದು ಈ ನಿಗಮದ ಕೆಲಸ. ಇವತ್ತು ಸಂಘದ ನ್ಯಾಯಬೆಲೆ ಅಂಗಡಿಗೆ ಬರುವ ಅಕ್ಕಿಯ ಹಿಂದೆಯೂ ಅದೇ ಏರ್ಪಾಡು ಉಂಟು.

ಆಮೇಲೆ ಜೀವ ವಿಮಾ ನಿಗಮದ ಅಧ್ಯಕ್ಷರಾದರು. 1972ರಲ್ಲಿ ರಾಜ್ಯಸಭೆಗೆ ಹೋಗಿ ಇಂದಿರಾ ಗಾಂಧಿಯವರ ಸಂಪುಟದಲ್ಲಿ ರೈಲ್ವೆ ಮಂತ್ರಿಯಾದರು. ಬಜೆಟ್ ಮಂಡಿಸುವ ಮೊದಲೇ, 1973ರ ಫೆಬ್ರವರಿಯಲ್ಲಿ, ಖಾತೆ ಬದಲಾಯಿತು. ಭಾರಿ ಕೈಗಾರಿಕೆ, ಮುಂದೆ ಕೈಗಾರಿಕೆ ಮತ್ತು ನಾಗರಿಕ ಪೂರೈಕೆ ಅವರ ಪಾಲಿಗೆ ಬಂತು. ಊರನ್ನು ಮರೆಯಲಿಲ್ಲ. 1974ರಲ್ಲಿ ಮಣಿಪಾಲದಲ್ಲಿ ಕೆನರಾ ಮಿಲ್ಕ್ ಯೂನಿಯನ್ ಶುರುವಾದದ್ದು ಅವರ ಮುತುವರ್ಜಿಯಿಂದ. ಜಿಲ್ಲೆಯ ಹಾಲು ಒಕ್ಕೂಟಕ್ಕೆ ಅದೇ ತಳಪಾಯ.

ಸಂಘದ ಮಹಾಸಭೆಯಲ್ಲಿ ಸದಸ್ಯರು ಎದ್ದು ನಿಂತು ಲೆಕ್ಕ ಕೇಳುವ ಹಾಗೆ ಪಾರ್ಲಿಮೆಂಟಿನಲ್ಲಿ ಪ್ರಶ್ನೋತ್ತರ ಅವಧಿ ಇರುತ್ತದೆ. ನಕ್ಷತ್ರ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ಬಾಯಲ್ಲೇ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆಯೂ ಬರುತ್ತದೆ. ಉಳಿದವಕ್ಕೆ ಬರೆದ ಉತ್ತರ. ಗೊತ್ತಿದ್ದೂ ಸುಳ್ಳು ಹೇಳಿದರೆ ಅದು ಸದನಕ್ಕೆ ಮಾಡಿದ ಅಪಚಾರ. ಹಾಗಾಗಿ ಉತ್ತರ ತಯಾರು ಮಾಡುವ ಅಧಿಕಾರಿಗಳು ಹತ್ತು ಕಡೆ ವಿಚಾರಿಸಿ ಮಾಹಿತಿ ಒಟ್ಟು ಮಾಡಬೇಕಾಗುತ್ತದೆ.

1975ರಲ್ಲಿ, ತುರ್ತು ಪರಿಸ್ಥಿತಿಗೆ ಸ್ವಲ್ಪ ಮೊದಲು, ಲೋಕಸಭೆಯಲ್ಲಿ ಮಾರುತಿ ಕಾರು ಕಂಪೆನಿಯ ಬಗ್ಗೆ ಪ್ರಶ್ನೆ ಬಂತು. ಅದು ಪ್ರಧಾನಿಯವರ ಮಗ ಸಂಜಯ ಗಾಂಧಿಯವರ ಕಂಪೆನಿ. ಹೊರದೇಶದ ಯಂತ್ರ ತರಿಸಬಾರದು ಎಂಬ ಷರತ್ತು ಅದಕ್ಕಿತ್ತು. ಉತ್ತರಕ್ಕಾಗಿ ಮಾಹಿತಿ ಕೇಳಿದ ನಾಲ್ವರು ಅಧಿಕಾರಿಗಳ ಮೇಲೆ ಸಿಬಿಐ ತನಿಖೆ ಬಿತ್ತು, ಮನೆ ಶೋಧನೆಯೂ ಆಯಿತು. ಅವರಲ್ಲಿ ಪೈಯವರ ಸಚಿವಾಲಯದ ಕಡೆಯವರೂ ಇದ್ದರು. ಅವರು ಮಾಡಿದ್ದು ತಮ್ಮ ಕೆಲಸ ಮಾತ್ರ.

ಪೈಯವರು ಆಗ ರಾಜೀನಾಮೆ ಕೊಡಲಿಲ್ಲ, ತುರ್ತು ಪರಿಸ್ಥಿತಿಯ ಉದ್ದಕ್ಕೂ ಮಂತ್ರಿಯಾಗಿಯೇ ಉಳಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1977ರಲ್ಲಿ ಶಾ ಆಯೋಗ ವಿಚಾರಣೆಗೆ ಕೂತಾಗ ಅವರು ಹಿಂದೆ ಸರಿಯಲೂ ಇಲ್ಲ. ಈ ವಿಷಯ ತಿಳಿದು ಪ್ರಧಾನಿಯವರು ಸಿಟ್ಟಾದದ್ದು, ಅಧಿಕಾರಿಗಳ ಮೇಲೆ ವಿಚಾರಣೆಗೆ ಸೂಚನೆ ಹೋದದ್ದು ಎಲ್ಲವನ್ನೂ ಆಯೋಗದ ಎದುರು ಹೇಳಿದರು. ತಮ್ಮದೇ ಪಕ್ಷದ ನಾಯಕಿಯ ವಿರುದ್ಧ ಹಾಗೆ ಹೇಳುವುದು ಸುಲಭದ ಮಾತಲ್ಲ. ಇದರಲ್ಲಿ ಅಧಿಕಾರದ ದುರುಪಯೋಗ ಆಗಿದೆ ಎಂದು ಆಯೋಗ ತೀರ್ಮಾನಿಸಿತು.

ಅದೇ 1977ರ ಚುನಾವಣೆಯಲ್ಲಿ ಉಡುಪಿ ಕ್ಷೇತ್ರದ ಜನ ಅವರನ್ನು ಲೋಕಸಭೆಗೆ ಕಳಿಸಿದ್ದರು. ಬೈಂದೂರು, ಕುಂದಾಪುರ, ಬ್ರಹ್ಮಾವರದವರು ಆಗ ಅದೇ ಕ್ಷೇತ್ರದ ಮತದಾರರು. ಮುಂದೆ ಅವರು ಇಂದಿರಾ ಗಾಂಧಿಯವರ ಬಣದಲ್ಲಿ ಉಳಿಯಲಿಲ್ಲ. 1980ರಲ್ಲಿ ಉಡುಪಿಯಿಂದ ಗೆದ್ದವರು ಆಸ್ಕರ್ ಫೆರ್ನಾಂಡಿಸ್. 1981ರ ಮೇ 29ರಂದು ಪೈಯವರು ತೀರಿಕೊಂಡರು. ಆಗ ಅವರಿಗೆ ಬರೀ 59 ವರ್ಷ.

ಮಣಿಪಾಲದ ಮ್ಯಾನೇಜ್‌ಮೆಂಟ್ ವಿದ್ಯಾಸಂಸ್ಥೆ ಅವರ ಹೆಸರನ್ನು ಉಳಿಸಿದೆ. ಎರಡಾಣೆ ಕಟ್ಟಿದವನಿಗೂ ಲೆಕ್ಕ ಕೊಡುವ ಮನೆತನದಲ್ಲಿ ಬೆಳೆದು, ದೇಶದ ಸದನದಲ್ಲಿ ಲೆಕ್ಕ ಕೊಡುವ ಜಾಗದವರೆಗೆ ಹೋದ ಹಿರಿಯರು ಅವರು. ಪ್ರಶ್ನೆ ಕೇಳುವವರೂ ಅದಕ್ಕೆ ಸರಿಯಾದ ಉತ್ತರ ಕೊಡುವವರೂ ಇದ್ದರೆ ಮಾತ್ರ ಸಂಘ ಉಳೀತದೆ, ಸರ್ಕಾರವೂ ಉಳೀತದೆ. ಅವರ ನೆನಪಿಗೆ ನಮ್ಮ ನಮನಗಳು.