ಸೊನ್ನಲಿಗೆಯ ಸಿದ್ಧರಾಮರು

ಇಂದಿನ ಸೊಲ್ಲಾಪುರವು 12ನೆಯ ಶತಮಾನದಲ್ಲಿ ಸೊನ್ನಲಿಗೆಯೆಂಬ ಊರಾಗಿತ್ತು. ಸೀನಾ ನದಿ ದೂರ, ಭೀಮೆ ಇನ್ನೂ ದೂರ, ಮಳೆಯನ್ನಂತೂ ನೆಚ್ಚುವಂತಿರಲಿಲ್ಲ. ಅಂಥ ನೆಲದಲ್ಲಿ ಮುದ್ದುಗೌಡ ಹಾಗೂ ಸುಗ್ಗವ್ವೆಯರ ಮಗನಾಗಿ ಸಿದ್ಧರಾಮರು ಜನಿಸಿದರು. ಮಾತು ಕಡಿಮೆಯಾಗಿದ್ದ ಬಾಲಕನನ್ನು ಮನೆಯವರು ಮಂಕನೆಂದೇ ಬಗೆದು ದನ ಕಾಯಲು ಕಳುಹಿದರು. ಹೊಲಕ್ಕೆ ಜಂಗಮನಾಗಿ ಬಂದ ಮಲ್ಲಯ್ಯನಿಗೆ ಮಜ್ಜಿಗೆಯನ್ನ ತರಲೆಂದು ಅವನು ಮನೆಗೋಡಿದನು. ಮರಳಿ ಬಂದಾಗ ಜಂಗಮನಿಲ್ಲ. ಅವನನ್ನು ಅರಸುತ್ತ, ಕೂಗಿ ಕರೆಯುತ್ತ ಶ್ರೀಶೈಲದವರೆಗೂ ನಡೆದನು. ರಾಘವಾಂಕನು ತನ್ನ ಸಿದ್ಧರಾಮ ಚಾರಿತ್ರದಲ್ಲಿ ಹೇಳಿರುವ ಈ ಪ್ರಸಂಗವನ್ನು ಓದಿ ಕಣ್ಣು ತೇವವಾಗದವರು ವಿರಳ.

ಶ್ರೀಶೈಲದಿಂದ ಹಿಂದಿರುಗಿದ ಸಿದ್ಧರಾಮರು ಊರಿನಲ್ಲಿ ಮಲ್ಲಿಕಾರ್ಜುನನ ಗುಡಿಯನ್ನು ಕಟ್ಟಿಸಿದರು, ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದರು, ವಿಶಾಲವಾದ ಕೆರೆಯನ್ನು ತೋಡಿಸಿದರು. ಸಾವಿರಾರು ಜನ ಗುದ್ದಲಿ ಹಿಡಿದು ಬಂದರೆಂದು ಪರಂಪರೆ ಹೇಳುತ್ತದೆ. ಸಂಖ್ಯೆ ಎಷ್ಟೇ ಇರಲಿ, ಅದು ಒಬ್ಬ ಅರಸನ ಅಪ್ಪಣೆಯಿಂದಾದ ಕೆರೆಯಲ್ಲ, ಜನರ ಬೆವರಿನಿಂದಾದದ್ದು.

ಆ ಕೆಲಸ ನಡೆಯುತ್ತಿರುವಾಗಲೇ ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಶೂನ್ಯಸಂಪಾದನೆಯ ಪ್ರಕಾರ ಅವರು ಸಿದ್ಧರಾಮರನ್ನು ಮಣ್ಣು ಹೊರುವ ಒಡ್ಡನೆಂದು ಹಂಗಿಸಿದರು. ಸಿಟ್ಟಿಗೆದ್ದ ಕೆಲಸಗಾರರು ಕಲ್ಲು ತೂರಿದರು. ಕಟ್ಟಿಸಿದೆನೆಂಬ ಅಭಿಮಾನವೇ ಕಟ್ಟಿಸಿದವನ ಬಂಧನವಾಗುವುದೆಂಬುದು ಪ್ರಭುವಿನ ಆಕ್ಷೇಪ. ಸಿದ್ಧರಾಮರ ದೊಡ್ಡತನ ನನಗೆ ಕಾಣುವುದು ಇಲ್ಲಿಯೇ. ಅವರು ಆ ಮಾತನ್ನು ಒಪ್ಪಿದರು, ತಮ್ಮ ಊರನ್ನೂ ಕೀರ್ತಿಯನ್ನೂ ಬಿಟ್ಟು ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದರು. ಅಲ್ಲಿ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು, ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದರು. ಕೊನೆಗೆ ಸೊನ್ನಲಿಗೆಗೆ ಮರಳಿ ಸಮಾಧಿಸ್ಥರಾದರು.

ಕಟ್ಟಿಸಿದವರು ಹಕ್ಕು ಬಿಟ್ಟ ಕೆರೆ ಊರಿನದಾಯಿತು. ಮುಂದೆ ಬಹಮನಿಗಳ ಕಾಲಕ್ಕೆ ಅದರ ದಂಡೆಯಲ್ಲಿ ಭುಯಿಕೋಟೆ ಎದ್ದಿತು; ಆ ಕೋಟೆಯೊಳಗೆ ಹಳೆಯ ದೇಗುಲವೊಂದರ ಅವಶೇಷಗಳನ್ನು ಇಂದಿಗೂ ನೋಡಬಹುದು. ಕೋಟೆಯನ್ನು ಈಗ ಪುರಾತತ್ತ್ವ ಇಲಾಖೆ ಕಾಯುತ್ತಿದೆ. ಆದರೆ 68 ಲಿಂಗಗಳನ್ನು ಕಾದು ಬಂದದ್ದು ಯಾವ ಕಾನೂನೂ ಅಲ್ಲ. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಏಳು ನಂದಿಧ್ವಜಗಳನ್ನು ಹೊತ್ತು ಆ ಲಿಂಗಗಳ ಪ್ರದಕ್ಷಿಣೆ ಮಾಡುತ್ತಾರೆ, ತೈಲಾಭಿಷೇಕ ನಡೆಯುತ್ತದೆ. ಊರು ಬೆಳೆದು, ಗಿರಣಿಗಳು ಬಂದು, ಓಣಿಗಳು ಇಕ್ಕಟ್ಟಾದರೂ ವರ್ಷಕ್ಕೊಮ್ಮೆ ಆ ದಾರಿ ತೆರವಾಗಲೇಬೇಕು. ಆದುದರಿಂದ ಆ ಸ್ಥಳಗಳು ಮರೆತುಹೋಗಲಿಲ್ಲ. ಅಕ್ಕಲಕೋಟ ಸೀಮೆಯ ನಮ್ಮ ಹಳ್ಳಿಗಳಿಂದಲೂ ಜನ ಬುತ್ತಿ ಕಟ್ಟಿಕೊಂಡು ಈ ಜಾತ್ರೆಗೆ ಹೋಗುತ್ತಾರೆ.

ಇದೇ ಸೊಲ್ಲಾಪುರದಲ್ಲಿ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮರ ಬಾಳನ್ನು ಕನ್ನಡದ ತ್ರಿಪದಿಯಲ್ಲಿ ಪುರಾಣವಾಗಿಸಿದರು. ಮರಾಠಿ ನಾಡಿನ ಈ ಊರಿನಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಕಾವ್ಯ ಬೇರೊಂದಿಲ್ಲ.

ಕೆರೆಯ ನಡುವೆ ಸಿದ್ಧರಾಮರ ಗುಡಿ ಇದೆ. ನಾವು ಎಸೆಯುವ ನಿರ್ಮಾಲ್ಯವೂ ಪ್ಲಾಸ್ಟಿಕ್ಕೂ ಅದೇ ನೀರಿಗೆ ಬೀಳುತ್ತವೆ. ಶಾಲೆಯ ಮಕ್ಕಳು ಪ್ರವಾಸಕ್ಕೆ ಅಲ್ಲಿಗೆ ಹೋದಾಗ ಮೊದಲು ನೋಡುವುದೂ ಅದನ್ನೇ.