ಸುರುಳಿ ಸುತ್ತಿದ ಕಮ್ಮಾರನ ಮಗ

ಕಲಾ ವಿಭಾಗದ ವಿದ್ಯಾರ್ಥಿಯು ವಿಜ್ಞಾನಿಯೊಬ್ಬನ ಚರಿತ್ರೆಗೆ ಕೈ ಹಾಕಿದ್ದೇಕೆಂದು ವಾಚಕರು ಕೇಳಬಹುದು. ಮೈಕೆಲ್ ಫ್ಯಾರಡೆ ಕಾಲೇಜಿನ ಮೆಟ್ಟಿಲನ್ನೇ ಹತ್ತಿ ಕಲಿತವನಲ್ಲ. ನಮ್ಮ ಮನೆತನದಲ್ಲಿ ಆ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಆತನ ಮೇಲೆ ನನಗೊಂದು ಮಮತೆ.

ಆತನು 1791ರಲ್ಲಿ ಲಂಡನ್ನಿನ ಬಳಿ ಬಡ ಕಮ್ಮಾರನ ಮಗನಾಗಿ ಹುಟ್ಟಿದನು. ಓದು, ಬರಹ, ಒಂದಿಷ್ಟು ಲೆಕ್ಕ, ಶಾಲೆಯಿಂದ ದೊರೆತದ್ದು ಇಷ್ಟೇ. ಹದಿಮೂರನೆಯ ವಯಸ್ಸಿಗೆ ಪುಸ್ತಕದಂಗಡಿ ಸೇರಿ, ಮುಂದೆ ಏಳು ವರ್ಷ ರಟ್ಟು ಕಟ್ಟುವ ಕೆಲಸ ಕಲಿತನು. ಕಟ್ಟಲು ಬಂದ ಪುಸ್ತಕಗಳನ್ನು ಓದಿಯೂ ಬಿಡುತ್ತಿದ್ದನು. 1812ರಲ್ಲಿ ಗಿರಾಕಿಯೊಬ್ಬನು ಕೊಟ್ಟ ಟಿಕೀಟಿನಿಂದ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳಿಗೆ ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾದನು. ಡೇವಿ ದಂಪತಿಗಳ ಸಂಗಡ ಯುರೋಪ ಸುತ್ತಿದಾಗ ಆಳಿನ ಚಾಕರಿಯೂ ಆತನ ಪಾಲಿಗೆ ಬಂದಿತು. ಆ ಶ್ರೀಮಂತ ಹೆಂಗಸು ಆತನನ್ನು ಆಳೆಂದೇ ಕಂಡಳು. ನಮ್ಮಲ್ಲಿ ಕೆಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಿತ್ತೂರು ಕಂಪನಿ ಸರಕಾರದೊಡನೆ ಕಾದಿದ 1824ರಲ್ಲಿಯೇ ಆತನು ರಾಯಲ್ ಸೊಸೈಟಿಯ ಸದಸ್ಯನಾದನು. ಅಧ್ಯಕ್ಷನಾಗಿದ್ದ ಡೇವಿಯೇ ಅದನ್ನು ವಿರೋಧಿಸಿದ್ದನು!

1831ರ ಆಗಸ್ಟ್ 29ರಂದು ಆತನು ಆರಂಗುಲದ ಕಬ್ಬಿಣದ ಬಳೆಯೊಂದಕ್ಕೆ ಎರಡು ಬದಿಗೂ ತಾಮ್ರದ ತಂತಿ ಸುತ್ತಿ ಪರೀಕ್ಷಿಸಿದನು. ಸುತ್ತುಗಳು ಒಂದನ್ನೊಂದು ಮುಟ್ಟದಂತೆ ನಡುವೆ ದಾರ, ಪದರಗಳ ನಡುವೆ ಹತ್ತಿಯ ಬಟ್ಟೆ. ನೇಕಾರರ ರಾಮದುರ್ಗದಲ್ಲಿ ಬೆಳೆದ ನನಗೆ ಇದು ಬಹಳ ಹಿಡಿಸಿತು. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ, ಮತ್ತೆ ಬಿಡಿಸಿದ ಕ್ಷಣದಲ್ಲಿ ಮಾತ್ರ, ಇನ್ನೊಂದರ ಬಳಿಯ ಸೂಜಿ ಹೊರಳಿತು. ಇದನ್ನೇ ಮೊದಲ ಟ್ರಾನ್ಸ್‌ಫಾರ್ಮರ್ ಎನ್ನಬಹುದು. 1834ರಲ್ಲಿ ಒಂದೇ ಸುರುಳಿಯನ್ನು ಪರೀಕ್ಷಿಸಿ, ತನ್ನಲ್ಲಿ ಹರಿಯುವ ಪ್ರವಾಹದ ಬದಲಾವಣೆಯನ್ನು ಸುರುಳಿ ತಾನೇ ವಿರೋಧಿಸುವುದೆಂದು ಕಂಡನು. ಅಮೇರಿಕೆಯ ಜೋಸೆಫ್ ಹೆನ್ರಿ 1832ರಲ್ಲಿಯೇ ಇದನ್ನು ಪ್ರಕಟಿಸಿದ್ದನು. ಈ ಗುಣವನ್ನು ಅಳೆಯುವ ಮಾನಕ್ಕೆ ಹೆನ್ರಿಯ ಹೆಸರಿರುವುದು ನ್ಯಾಯವೇ.

ಈ ವಿರೋಧವೇ ನಮ್ಮ ಚೋಕಿನ ಗುಟ್ಟು. ಸವದತ್ತಿಯ ಕಡೆಯಿಂದಲೂ ಸುಟ್ಟ ಪಂಪ್‌ಸೆಟ್ಟು ಮೋಟಾರುಗಳು ಬರುವ ಬೈಲಹೊಂಗಲದ ಅಂಗಡಿಯೊಂದರಲ್ಲಿ, ಮೇಸ್ತ್ರಿಯೊಬ್ಬರು ಹಳೆಯ ಕಬ್ಬಿಣದ ತಗಡುಗಳ ಮೇಲೆ ತಂತಿ ಸುತ್ತಿ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರಿಗೆ ಚೋಕು ಮಾಡುವುದನ್ನು ನಿಂತು ನೋಡಿದ್ದೇನೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನೆಗಳಂತೆ ಹಿಂದೆ ಮುಂದೆ ಓಡುವುದು. ಸಾಲಿನಲ್ಲಿ ಜೋಡಿಸಿದ ಚೋಕು ಪ್ರತಿಸಲವೂ ಅದಕ್ಕೆ ಎದುರು ನಿಂತು ಮಿತಿಯಲ್ಲಿಡುವುದು. ಬರಿಯ ರೋಧದ ತಂತಿಯಿಂದ ತಡೆದರೆ ವಿದ್ಯುತ್ತು ಕಾವಾಗಿ ಪೋಲಾಗುವುದು. ಚೋಕಿನಲ್ಲಿ ಆ ನಷ್ಟ ಬಹಳ ಕಡಿಮೆ. ತಗಡುಗಳ ನಡುವಿನ ಸಂದಿನಲ್ಲಿ ಮೇಸ್ತ್ರಿ ರಟ್ಟಿನ ತುಂಡೊಂದನ್ನು ಇಟ್ಟರು. ಆ ಸಂದು ಇಲ್ಲದಿದ್ದರೆ ಹೆಚ್ಚಿನ ಪ್ರವಾಹಕ್ಕೆ ಕಬ್ಬಿಣವು ಕಾಂತತ್ವದಿಂದ ತುಂಬಿಹೋಗಿ, ತಡೆಯುವ ಶಕ್ತಿ ಕುಸಿಯುವುದು. ಅವರು ಸೂತ್ರ ಬರೆಯಲಿಲ್ಲ. ಸುತ್ತುಗಳನ್ನು ಎಣಿಸಿದರು, ಹಚ್ಚಿ ನೋಡಿದರು, ನಾಲ್ಕು ಸುತ್ತು ಬಿಚ್ಚಿದರು.

ಫ್ಯಾರಡೆಗೂ ಉನ್ನತ ಗಣಿತ ಬರುತ್ತಿರಲಿಲ್ಲ. ಕಾಂತದ ಸುತ್ತ ಬಲರೇಖೆಗಳನ್ನು ಆತನು ಮನಸ್ಸಿನಲ್ಲಿಯೇ ಕಂಡನು. ಅವಕ್ಕೆ ಗಣಿತದ ಅಂಗಿ ತೊಡಿಸಿದವನು ಮ್ಯಾಕ್ಸ್‌ವೆಲ್. ಮುಂದೆ ಸರ್ ಪದವಿ ಬಂದಿತು, ರಾಯಲ್ ಸೊಸೈಟಿಯ ಅಧ್ಯಕ್ಷತೆಯೂ ಬಂದಿತು, ಎರಡನ್ನೂ ಒಲ್ಲೆನೆಂದನು. 1867ರಲ್ಲಿ ತೀರಿಕೊಂಡನು. ಹೈಗೇಟ್ ಸ್ಮಶಾನದ ಆತನ ಗೋರಿಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ಸತ್ತ ದಿನ ಮಾತ್ರ ಇವೆ.